ಬೆಂಗಳೂರಿನಿಂದ ಸ್ಟುಟ್‌ಗಾರ್ಟ್‌ಗೆ: ಕಂಪನಿ ಕೊಡಿಸಿದ ರಿಲೊಕೇಶನ್ ಪ್ಯಾಕೇಜ್ ಹೇಗಿತ್ತು?

ಆನ್‌ಸೈಟ್ ಹೊರಟವರು ಆಗಾಗ ಕೇಳುತ್ತಾರೆ, ಕಂಪನಿ ಕೊಡುವ ರಿಲೊಕೇಶನ್ ಪ್ಯಾಕೇಜ್ ತಗೋಬೇಕಾ, ಇಲ್ಲ ಅದರ ಬದಲು ದುಡ್ಡೇ ಕೊಡಿ ಅನ್ನಬೇಕಾ ಅಂತ. ನಾವು ಜರ್ಮನಿಗೆ ಬಂದದ್ದು ಪೂರ್ತಿ ಪ್ಯಾಕೇಜಿನಲ್ಲಿ. ಅದರಲ್ಲಿ ಮೂರು ಕೆಲಸ ಸೇರಿದ್ದವು. ಮನೆ ಹುಡುಕಿಕೊಡುವುದು, ಸರ್ಕಾರಿ ಕಾಗದಪತ್ರ ಮಾಡಿಸಿಕೊಡುವುದು, ಮತ್ತೆ ಹೊರಡುವ ಮುಂಚೆ ಬೆಂಗಳೂರಿನಲ್ಲೇ ಒಂದು ಕಲ್ಚರ್ ಟ್ರೇನಿಂಗ್. ಏಜೆನ್ಸಿಯ ಹೆಸರು ಹಾಕುವುದಿಲ್ಲ. ಬೇರೆ ಬೇರೆ ಕಂಪನಿಗಳಲ್ಲಿರುವ ಗೆಳತಿಯರನ್ನು ಕೇಳಿ ನೋಡಿದೆ, ಅವರ ಏಜೆನ್ಸಿಗಳು ಬೇರೆ, ಕಥೆ ಮಾತ್ರ ಹೆಚ್ಚುಕಮ್ಮಿ ಇದೇ.

ಮಾರ್ಕ್ಸ್ ಮೊದಲೇ ಕೊಟ್ಟುಬಿಡುತ್ತೇನೆ. ಕಾಗದಪತ್ರಕ್ಕೆ ಐದಕ್ಕೆ ಐದು. ಮನೆಗೆ ಮೂರೂವರೆ. ಟ್ರೇನಿಂಗಿಗೆ ಎರಡು, ಅದರಲ್ಲೂ ಒಂದು ಮಾರ್ಕ್ ಟ್ರೇನರ್ ಮೇಡಂ ಒಳ್ಳೆಯವರು ಅನ್ನುವ ಕಾರಣಕ್ಕೆ.

ನಮ್ಮ ವಿಷಯ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗಲ್ಲ. ಇಲ್ಲಿ ಕೆಲಸ ಸಿಕ್ಕಿದ್ದು ನನಗೆ. ನಮ್ಮನೆಯವರು ಬೆಂಗಳೂರಿನ ಬ್ಯಾಂಕ್ ಕೆಲಸ ಬಿಟ್ಟು ನನ್ನ ಜೊತೆ ಬಂದರು. ಮಗಳಿಗೆ ಆಗ ಮೂರು ವರ್ಷ. ಇರುವುದು ಎಸ್ಲಿಂಗೆನ್‌ನಲ್ಲಿ, ಸ್ಟುಟ್‌ಗಾರ್ಟಿನ ಪಕ್ಕದ ಹಳೇ ಊರು. ಬೆಟ್ಟದ ಮೇಲೆ ದ್ರಾಕ್ಷಿ ತೋಟ, ಕೆಳಗೆ ನೆಕ್ಕರ್ ಹೊಳೆ, ಎಸ್1 ಲೋಕಲ್ ಟ್ರೈನ್ ಹತ್ತಿದರೆ ಆಫೀಸು.

ಹೊಗಳುವ ಕೆಲಸ ಮೊದಲು ಮುಗಿಸೋಣ. ಜರ್ಮನಿಯಲ್ಲಿ ಮನೆಗೆ ಬಂದ ಎರಡು ವಾರದೊಳಗೆ ಆ ಊರಿನ ಕಚೇರಿಗೆ ಹೋಗಿ ನಾವು ಇಂಥ ವಿಳಾಸದಲ್ಲಿದ್ದೇವೆ ಅಂತ ಹೆಸರು ಬರೆಸಬೇಕು. ಆನ್‌ಮೆಲ್ಡುಂಗ್ ಅಂತ ಎಲ್ಲರೂ ಹೇಳುವುದು ಇದನ್ನೇ. ಅದಕ್ಕೆ ಮನೆ ಮಾಲೀಕರು ಸಹಿ ಹಾಕಿದ ಒಂದು ಫಾರಂ ಬೇಕು, ಬಾಡಿಗೆ ಕರಾರು ತೋರಿಸಿದರೆ ಸಾಕಾಗುವುದಿಲ್ಲ. ಹೆಸರು ಬರೆಸದಿದ್ದರೆ ಟ್ಯಾಕ್ಸ್ ನಂಬರ್ ಬರಲ್ಲ. ಟ್ಯಾಕ್ಸ್ ನಂಬರ್ ಇಲ್ಲದಿದ್ದರೆ ಸಂಬಳದಲ್ಲಿ ಆರನೇ ಕ್ಲಾಸಿನ ತೆರಿಗೆ ಹಿಡಿಯುತ್ತಾರೆ, ಇರುವುದರಲ್ಲೇ ಅತಿ ಜಾಸ್ತಿ ಅದು. ಒಂದಕ್ಕೊಂದು ಹೀಗೆ ಗಂಟು ಹಾಕಿಕೊಂಡಿರುವ ಕಡೆ ಏಜೆನ್ಸಿಯವರು ನಿಜವಾಗಿ ಉಪಯೋಗಕ್ಕೆ ಬರುತ್ತಾರೆ. ನಮಗೆ ಗೊತ್ತುಮಾಡಿದ್ದ ಮಹಿಳೆ ಫಾರಂ ತುಂಬಿಸಿ, ಅಪಾಯಿಂಟ್‌ಮೆಂಟ್ ತಗೊಂಡು, ಜೊತೆಗೆ ಬಂದು, ಕೌಂಟರಿನಲ್ಲಿ ನಮ್ಮ ಪರವಾಗಿ ಮಾತಾಡಿ, ನಾನು ಯಾವ ಕಾಗದಕ್ಕೆ ಸಹಿ ಹಾಕುತ್ತಿದ್ದೇನೆ ಅಂತ ಪ್ರತಿ ಸಲ ಬಿಡಿಸಿ ಹೇಳಿದರು. ಬ್ಯಾಂಕು, ಹೆಲ್ತ್ ಇನ್ಶೂರೆನ್ಸ್, ರೆಸಿಡೆನ್ಸ್ ಕಾರ್ಡ್ ಎಲ್ಲ ಹಾಗೇ ಸಲೀಸಾಗಿ ಆಯಿತು.

ಇನ್ನೂ ಎರಡು ವಿಷಯ ಆಕೆ ಮೊದಲ ವಾರದಲ್ಲೇ ಹೇಳಿದ್ದರಿಂದ ನಮಗೆ ಉಳಿತಾಯವಾಯಿತು. ಒಂದು, ಟಿವಿ ರೇಡಿಯೋ ಶುಲ್ಕದ ಕಾಗದ ಬರುತ್ತದೆ, ಮನೆಯಲ್ಲಿ ಟಿವಿ ಇಲ್ಲದಿದ್ದರೂ ಮನೆಗೊಂದರಂತೆ ತಿಂಗಳಿಗೆ 18.36 ಯೂರೋ ಕಟ್ಟಲೇಬೇಕು. ಜಾಹೀರಾತು ಅಂದುಕೊಂಡು ಕಸಕ್ಕೆ ಹಾಕಿ, ಆಮೇಲೆ ದಂಡ ಸೇರಿಸಿ ಕಟ್ಟಿದ ನಮ್ಮವರು ಬೇಕಾದಷ್ಟಿದ್ದಾರೆ. ಇನ್ನೊಂದು, ನಮ್ಮ ಡ್ರೈವಿಂಗ್ ಲೈಸೆನ್ಸ್ ಇಲ್ಲಿ ಆರು ತಿಂಗಳು ಮಾತ್ರ ನಡೆಯುತ್ತದೆ. ಆಮೇಲೆ ಥಿಯರಿ ಪರೀಕ್ಷೆ, ರಸ್ತೆ ಪರೀಕ್ಷೆ ಎರಡನ್ನೂ ಹೊಸದಾಗಿ ಪಾಸು ಮಾಡಬೇಕು. ಔಟರ್ ರಿಂಗ್ ರೋಡಿನಲ್ಲಿ ವರ್ಷಗಟ್ಟಲೆ ಕಾರು ಓಡಿಸಿದ್ದೇನೆ ಅಂದರೆ ಇಲ್ಲಿ ಯಾರೂ ಕೇಳಿಸಿಕೊಳ್ಳಲ್ಲ.

ಮನೆ ಹುಡುಕಾಟ ಮಿಶ್ರ ಅನುಭವ. ಸ್ಟುಟ್‌ಗಾರ್ಟ್ ಸುತ್ತ ಬಾಡಿಗೆ ಮನೆ ಸಿಗುವುದೇ ಕಷ್ಟ. ಒಂದು ಮನೆ ನೋಡಲು ಹತ್ತಾರು ಜನ ಮೆಟ್ಟಿಲ ಮೇಲೆ ಸಾಲು ನಿಂತಿರುತ್ತಾರೆ, ಕೈಯಲ್ಲಿ ಸಂಬಳದ ಚೀಟಿ, ಕೆಲಸದ ಕರಾರು, ಪಾಸ್‌ಪೋರ್ಟ್ ಪ್ರತಿ ಎಲ್ಲ ಫೈಲ್ ಮಾಡಿಕೊಂಡು. ಶೂಫಾ ಅನ್ನುವ ಸಾಲದ ವರದಿ ಬೇರೆ ಕೇಳುತ್ತಾರೆ, ನಮ್ಮ ಸಿಬಿಲ್ ಸ್ಕೋರಿನ ಹಾಗೆ. ಹೊಸದಾಗಿ ಬಂದವರಿಗೆ ಅದು ಎಲ್ಲಿಂದ ಬರಬೇಕು? ಏಜೆನ್ಸಿಯವರು ಅದರ ಬದಲು ಕಂಪನಿಯಿಂದ ಪತ್ರ ತರಿಸಿ ಮಾಲೀಕರನ್ನು ಒಪ್ಪಿಸಿದರು. ಅಷ್ಟಕ್ಕೆ ಶಭಾಷ್ ಅನ್ನಬೇಕು.

ಮಾರ್ಕ್ಸ್ ಕಳೆದದ್ದು ಮುಂದಿನದಕ್ಕೆ. ಅಡ್ವಾನ್ಸ್ ಇಲ್ಲಿ ಮೂರು ತಿಂಗಳ ಬಾಡಿಗೆಗಿಂತ ಜಾಸ್ತಿ ಕೇಳುವ ಹಾಗಿಲ್ಲ, ಅದೂ ಹೀಟಿಂಗ್, ನೀರು, ಕಸದ ಖರ್ಚು ಸೇರಿಸದ ಬರೀ ಬಾಡಿಗೆಯ ಮೂರರಷ್ಟು. ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಅಭ್ಯಾಸವಾದ ಬೆಂಗಳೂರಿನವರಿಗೆ ಇದು ಏನೂ ಅಲ್ಲ ಅನಿಸುತ್ತದೆ. ಆದರೆ ಬಂದ ತಿಂಗಳಲ್ಲಿ ಕೈಯಲ್ಲಿ ದುಡ್ಡು ಇರಬೇಕಲ್ವಾ? ಅದನ್ನು ಮೂರು ಕಂತಿನಲ್ಲಿ ಕಟ್ಟುವ ಹಕ್ಕು ಕಾನೂನಿನಲ್ಲೇ ಇದೆ. ಏಜೆನ್ಸಿಯವರು ಅದನ್ನು ಹೇಳಲೇ ಇಲ್ಲ, ಒಟ್ಟಿಗೆ ಕಟ್ಟಿಬಿಡಿ ಅಂದರು. ಅಡುಗೆಮನೆ ಇನ್ನೊಂದು ತಮಾಷೆ. ಇಲ್ಲಿ ಅನೇಕ ಬಾಡಿಗೆ ಮನೆಗಳಲ್ಲಿ ಅಡುಗೆಮನೆ ಅಂದರೆ ನಾಲ್ಕು ಗೋಡೆ, ಗೋಡೆಯಿಂದ ಹೊರಗೆ ಬಂದ ಎರಡು ಪೈಪು. ಸಿಂಕು, ಒಲೆ, ಕಪಾಟು ಎಲ್ಲ ಹಳೇ ಬಾಡಿಗೆದಾರರದ್ದು, ಹೋಗುವಾಗ ಬಿಚ್ಚಿಕೊಂಡು ಹೋಗುತ್ತಾರೆ. ಕೆಲವರು ಚಾವಣಿಯ ದೀಪಗಳನ್ನೂ ಬಿಡಲ್ಲ. ಬೇಕಿದ್ದರೆ ಅವರಿಗೆ ದುಡ್ಡು ಕೊಟ್ಟು ಅದನ್ನೇ ಉಳಿಸಿಕೊಳ್ಳಬಹುದು, ನಾವು ಹಾಗೇ ಮಾಡಿದೆವು. ಅಲ್ಲಿ ಚೌಕಾಸಿ ಮಾಡುವಾಗ ಏಜೆನ್ಸಿಯವರು ಇದು ನಮ್ಮ ಕೆಲಸದ ಪಟ್ಟಿಯಲ್ಲಿ ಇಲ್ಲ ಅಂತ ಪಕ್ಕಕ್ಕೆ ಸರಿದರು. ಒಲೆ ಗಾಜಿನ ಹಲಗೆಯ ಕರೆಂಟ್ ಒಲೆ. ಬೆಂಕಿಯೇ ಇಲ್ಲ. ಜೋಳದ ರೊಟ್ಟಿಯನ್ನು ಕೊನೆಗೆ ಉರಿಯ ಮೇಲೆ ಹಾಕಿ ಉಬ್ಬಿಸುವವರು ಊರಿನಿಂದ ಜಾಲರಿ ಹೊತ್ತು ತಂದರೂ ಪ್ರಯೋಜನವಿಲ್ಲ. ಕಾದ ತವೆಯ ಮೇಲೇ ಒದ್ದೆ ಬಟ್ಟೆಯಿಂದ ಅಂಚು ಒತ್ತಿ ಒತ್ತಿ ಉಬ್ಬಿಸುವುದನ್ನು ಅಭ್ಯಾಸ ಮಾಡಬೇಕು.

ಇದಕ್ಕಿಂತ ದೊಡ್ಡ ಕೊರತೆ ಅಂದರೆ, ಬಾಡಿಗೆ ಕರಾರಿನ ಜೊತೆ ಮನೆಯ ನಿಯಮಗಳ ನಾಲ್ಕು ಪುಟದ ಕಾಗದ ಕೊಡುತ್ತಾರೆ, ಪೂರ್ತಿ ಜರ್ಮನ್‌ನಲ್ಲಿ. ಏಜೆನ್ಸಿಯವರು ಬಾಡಿಗೆ ಎಷ್ಟು, ನೋಟಿಸ್ ಎಷ್ಟು ತಿಂಗಳು ಅನ್ನುವುದನ್ನು ಮಾತ್ರ ಓದಿ ಹೇಳಿದರು. ಆ ನಾಲ್ಕು ಪುಟವನ್ನು ಸಹಿ ಹಾಕುವ ಕಾಗದ ಅಂತ ತಿರುವಿ ಹಾಕಿದರು. ನಿಜ ಹೇಳಬೇಕೆಂದರೆ ನಮ್ಮ ಇಡೀ ಸಂಸಾರ ನಡೆಯುವುದು ಆ ನಾಲ್ಕು ಪುಟದ ಮೇಲೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಸದ್ದು ಮಾಡುವ ಹಾಗಿಲ್ಲ. ಭಾನುವಾರ ಇಡೀ ದಿನ ಇಲ್ಲ. ಗೋಡೆಗೆ ಮೊಳೆ ಹೊಡೆಯುವುದು, ಡ್ರಿಲ್ ಹಾಕುವುದು, ಖಾಲಿ ಬಾಟಲಿಗಳನ್ನು ರಸ್ತೆ ಬದಿಯ ಗಾಜಿನ ಡಬ್ಬಿಗೆ ಎಸೆಯುವುದು ಯಾವುದೂ ಭಾನುವಾರ ಇಲ್ಲ. ಅಂದರೆ ದೋಸೆ ಹಿಟ್ಟು ರುಬ್ಬುವುದು ಶನಿವಾರ ಸಂಜೆಯೊಳಗೆ ಮುಗಿಯಬೇಕು. ಚಳಿಗಾಲದಲ್ಲೂ ದಿನಕ್ಕೆ ಎರಡು ಮೂರು ಸಲ ಕಿಟಕಿ ಪೂರ್ತಿ ತೆಗೆದು ಐದು ಹತ್ತು ನಿಮಿಷ ಗಾಳಿಯಾಡಿಸಬೇಕು, ಇಲ್ಲದಿದ್ದರೆ ಗೋಡೆಗೆ ಬೂಷ್ಟು ಹಿಡಿಯುತ್ತದೆ, ಅದರ ಖರ್ಚು ನಿಮ್ಮ ತಲೆಗೆ. ಹೊರಗೆ ಮೈನಸ್ ಐದು ಇರುವಾಗ ಕಿಟಕಿ ತೆಗೆ ಅಂದರೆ ನಮ್ಮತ್ತೆ ವಿಡಿಯೋ ಕಾಲಿನಲ್ಲಿ, ಮಗುವಿಗೆ ಶೀತ ಆಗತ್ತೆ, ನಿಮಗೆ ಬುದ್ಧಿ ಇದೆಯಾ ಅಂತ ಬೈಯುತ್ತಾರೆ.

ಇಷ್ಟರ ಜೊತೆಗೆ ಕೇರ್‌ವೊಖೆ. ಈ ಸೀಮೆಯ ವಿಶೇಷ ಇದು. ಅಪಾರ್ಟ್‌ಮೆಂಟಿನಲ್ಲಿ ವಾರಕ್ಕೊಬ್ಬರಂತೆ ಸರದಿ ಮೇಲೆ ಮೆಟ್ಟಿಲು ಗುಡಿಸಿ ಒರೆಸಬೇಕು. ಸರದಿ ಬಂದವರ ಬಾಗಿಲಿಗೆ ಒಂದು ಸಣ್ಣ ಹಲಗೆ ತೂಗು ಹಾಕಿರುತ್ತಾರೆ, ನಿಮ್ಮ ವಾರ ಮುಗಿದ ಮೇಲೆ ಅದನ್ನು ಪಕ್ಕದವರ ಬಾಗಿಲಿಗೆ ಹಾಕಬೇಕು. ದೊಡ್ಡ ಸರದಿ ಅಂತ ಇನ್ನೊಂದಿದೆ, ಅದರಲ್ಲಿ ಮನೆ ಮುಂದಿನ ಫುಟ್‌ಪಾತ್, ನೆಲಮಾಳಿಗೆ, ಕಸದ ಡಬ್ಬಿ ಇಡುವ ಜಾಗ, ಚಳಿಗಾಲದಲ್ಲಿ ಹಿಮ ತೆಗೆಯುವುದು ಎಲ್ಲ ಬರುತ್ತದೆ. ಸ್ಟುಟ್‌ಗಾರ್ಟ್ ನಗರ 1988ರಲ್ಲೇ ಈ ಕಟ್ಟುನಿಟ್ಟಿನ ನಿಯಮವನ್ನು ಸಡಿಲಿಸಿದೆ, ಆದರೆ ಬಾಡಿಗೆ ಕರಾರುಗಳಲ್ಲಿ ಅದು ಹಾಗೇ ಉಳಿದುಕೊಂಡಿದೆ. ಜನರ ಮನಸ್ಸಿನಲ್ಲಂತೂ ಕೇಳಲೇಬೇಡಿ. ಮನೆ ಮುಂದೆ ಗುಡಿಸಿ, ನೀರು ಚಿಮುಕಿಸಿ, ರಂಗೋಲಿ ಹಾಕುವ ಮನೆಯಿಂದ ಬಂದವಳು ನಾನು, ಗುಡಿಸುವುದು ಹೊಸದಲ್ಲ. ಆದರೆ ಗುಡಿಸಿದ್ದನ್ನು ನೆರೆಯವರು ಬಂದು ನೋಡಿ ಪಾಸು ಮಾಡುತ್ತಾರೆ ಅನ್ನುವುದು ಹೊಸದು.

ಈಗ ಟ್ರೇನಿಂಗ್. ಎಲ್ಲಕ್ಕಿಂತ ಜಾಸ್ತಿ ಹೇಳಬೇಕಾದದ್ದು ಇದರ ಬಗ್ಗೆಯೇ.

ಹೊರಡುವ ಕೆಲವು ವಾರ ಮುಂಚೆ ಬೆಂಗಳೂರಿನ ಆಫೀಸಿನ ಕಾನ್ಫರೆನ್ಸ್ ರೂಮಿನಲ್ಲಿ ಒಂದೂವರೆ ದಿನ ಕೂರಿಸಿದರು. ಟ್ರೇನರ್ ಮೇಡಂ ಸ್ವತಃ ಜರ್ಮನಿಯಲ್ಲಿ ಇದ್ದು ಬಂದವರು, ಮಾತು ಚುರುಕು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದರು. ಸ್ಲೈಡುಗಳದ್ದೇ ಕಾಟ. ಮೊದಲರ್ಧ ಪೂರ್ತಿ ಹೋಫ್‌ಸ್ಟೆಡೆ ಅಂಕಿಗಳು, ಆ ಹೆಸರಿನ ಸಂಶೋಧಕರು ಒಂದೊಂದು ದೇಶದ ಸಂಸ್ಕೃತಿಗೆ ಕೊಟ್ಟ ಅಂಕಗಳು. ಮೇಲಿನವರು ಕೆಳಗಿನವರು ಅನ್ನುವ ಅಂತರವನ್ನು ಒಪ್ಪಿಕೊಳ್ಳುವುದರಲ್ಲಿ ಭಾರತಕ್ಕೆ 77, ಜರ್ಮನಿಗೆ 35. ಗೊತ್ತಿಲ್ಲದ್ದರ ಬಗೆಗಿನ ಅಳುಕಿನಲ್ಲಿ ಜರ್ಮನಿಗೆ 65, ನಮಗೆ 40. ಕೇಳಲು ಚೆನ್ನಾಗಿರುತ್ತದೆ. ಆದರೆ ಈ ಅಂಕಿಗಳ ಬುಡ ಇರುವುದು 1970ರ ಆಸುಪಾಸಿನಲ್ಲಿ ಐಬಿಎಂ ಒಂದೇ ಕಂಪನಿಯ ನೌಕರರನ್ನು ಕೇಳಿ ಮಾಡಿದ ಲೆಕ್ಕದಲ್ಲಿ. ಈಗ ನನ್ನ ಟೀಮಿನಲ್ಲಿ ಇರುವವರನ್ನು ನೋಡಿ: ಒಬ್ಬರ ಅಜ್ಜ ಟರ್ಕಿಯಿಂದ ಬಂದವರು, ಒಬ್ಬಾಕೆ ರೊಮೇನಿಯಾದವಳು, ಒಬ್ಬ ಕ್ರೊಯೇಷಿಯಾದವನು, ಇಬ್ಬರು ಅಪ್ಪಟ ಶ್ವಾಬಿಯನ್ನರು, ಅಂದರೆ ಈ ಸೀಮೆಯ ಮೂಲದವರು. ಸ್ಟುಟ್‌ಗಾರ್ಟಿನಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಜನರ ಕುಟುಂಬದ ಬೇರು ಹೊರದೇಶದಲ್ಲಿದೆ. 35 ಅನ್ನುವ ಅಂಕಿ ಇವರಲ್ಲಿ ಯಾರ ಹಣೆಗೆ ಅಂಟಿಸಬೇಕು?

ಎರಡನೇ ದಿನ ಬೋರ್ಡಿನ ಮೇಲೆ ಇಂಗ್ಲಿಷಿನ ಯು ಅಕ್ಷರ ಬರೆದರು. ಹೊಸ ದೇಶಕ್ಕೆ ಹೋದಾಗ ಮೊದಲು ಖುಷಿ, ಆಮೇಲೆ ಕುಸಿತ, ಆಮೇಲೆ ನಿಧಾನಕ್ಕೆ ಮೇಲೇರುವುದು. 1955ರಲ್ಲಿ ಲಿಸ್‌ಗಾರ್ಡ್ ಅನ್ನುವ ನಾರ್ವೆಯ ಸಮಾಜಶಾಸ್ತ್ರಜ್ಞ, ಅಮೆರಿಕಕ್ಕೆ ಓದಲು, ಸಂಶೋಧನೆಗೆ ಹೋಗಿಬಂದ ಸುಮಾರು 200 ನಾರ್ವೆಯವರನ್ನು ಮಾತಾಡಿಸಿ ಹೇಳಿದ್ದು ಇದು. ಐದು ವರ್ಷದ ನಂತರ ಓಬರ್ಗ್ ಅನ್ನುವವರು ಕಲ್ಚರ್ ಶಾಕ್ ಬಗ್ಗೆ ಬರೆದರು, ಎರಡೂ ಸೇರಿ ಪ್ರಪಂಚದ ಎಲ್ಲ ಟ್ರೇನಿಂಗ್ ಸ್ಲೈಡುಗಳಿಗೂ ಹತ್ತಿಕೊಂಡವು. 1991ರಲ್ಲಿ ಬ್ಲ್ಯಾಕ್ ಮತ್ತು ಮೆಂಡೆನ್‌ಹಾಲ್ ಅನ್ನುವ ಇಬ್ಬರು ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದಾಗ ಕೆಲವು ಹೌದು ಅಂದವು, ಕೆಲವು ಇಲ್ಲ ಅಂದವು. ಸ್ಲೈಡಿನಲ್ಲಿ ಈ ಕಡೇ ವಿಷಯ ಇರಲಿಲ್ಲ, ಬಿಡಿ. ನಮ್ಮ ಮನೆಯಲ್ಲಂತೂ ಒಂದೇ ಯು ಇರಲಿಲ್ಲ. ನಾನು ಆಫೀಸಿನಲ್ಲಿ ಉತ್ಸಾಹದಿಂದ ಓಡಾಡುತ್ತಿದ್ದಾಗ ನಮ್ಮನೆಯವರು ಅಡುಗೆಮನೆಯ ಕಿಟಕಿ ಹತ್ತಿರ ಕೂತು ಬೆಂಗಳೂರಿನ ಬ್ಯಾಂಕ್ ಸಹೋದ್ಯೋಗಿಗಳ ಸ್ಟೇಟಸ್ ನೋಡುತ್ತಿದ್ದರು. ಅವರು ಚೇತರಿಸಿಕೊಂಡು ಊರೆಲ್ಲ ಓಡಾಡಲು ಶುರು ಮಾಡಿದಾಗ ನನಗೆ ಕೆಲಸ ಬಿಟ್ಟು ವಾಪಸ್ ಹೋಗೋಣ ಅನಿಸುತ್ತಿತ್ತು.

ಟ್ರೇನಿಂಗಿಗೆ ಎರಡೇ ಮಾರ್ಕ್ಸ್ ಯಾಕೆ ಅಂದರೆ, ಅದು ತಪ್ಪು ಹೊತ್ತಿನಲ್ಲಿ ನಡೆಯುತ್ತದೆ, ತಪ್ಪು ಮನುಷ್ಯರಿಗೆ ನಡೆಯುತ್ತದೆ.

ಹೊತ್ತಿನ ವಿಷಯ ನೋಡಿ. ಹೊರಡುವ ಮುಂಚೆ ನಮ್ಮ ಹತ್ತಿರ ಇದ್ದ ಪ್ರಶ್ನೆಗಳು ಏನು? ಯಾವ ಜಾಕೆಟ್ ತಗೋಬೇಕು, ಕುಕ್ಕರ್ ಒಯ್ಯಬಹುದಾ, ಸೋನಾ ಮಸೂರಿ ಸಿಗುತ್ತಾ, ತೊಗರಿಬೇಳೆ ಸಿಗುತ್ತಾ. (ಎಲ್ಲ ಸಿಗುತ್ತದೆ. ಸ್ಟುಟ್‌ಗಾರ್ಟಿನಲ್ಲಿ ನಮ್ಮವರ ಅಂಗಡಿಗಳಿವೆ, ರಾಗಿ ಹಿಟ್ಟೂ ಸಿಗುತ್ತದೆ, ದುಬಾರಿ ಅಷ್ಟೇ.) ನಿಜವಾದ ಪ್ರಶ್ನೆಗಳು ಹುಟ್ಟಿದ್ದು ಬಂದು ಕೆಲವು ತಿಂಗಳಾದ ಮೇಲೆ. ಮೀಟಿಂಗಿನಲ್ಲಿ ಎಲ್ಲರ ಮುಂದೆ ನನ್ನ ಡಿಸೈನ್ ತೋರಿಸಿದಾಗ ಒಬ್ಬರು, ಇದು ಸರಿಯಿಲ್ಲ, ಇಲ್ಲಿ ಲೆಕ್ಕ ತಪ್ಪಿದೆ ಅಂತ ಮುಖದ ಮೇಲೆ ಹೇಳಿದರು. ಪೀಠಿಕೆ ಇಲ್ಲ, ಚೆನ್ನಾಗಿದೆ ಆದರೆ ಅನ್ನುವುದಿಲ್ಲ. ನನ್ನ ಮುಖ ಕೆಂಪಾಯಿತು. ಹತ್ತು ನಿಮಿಷ ಕಳೆದು ಅದೇ ಮನುಷ್ಯ ನನ್ನ ಟೇಬಲ್ ಹತ್ತಿರ ಬಂದು, ಬಾ ಊಟಕ್ಕೆ ಅಂತ ಕರೆದು, ಕ್ಯಾಂಟೀನಿನಲ್ಲಿ ಯಾವುದರಲ್ಲಿ ಮಾಂಸ ಇಲ್ಲ ಅಂತ ತಾನೇ ವಿಚಾರಿಸಿ ತಟ್ಟೆ ತಂದುಕೊಟ್ಟರು. ಇವರಿಗೆ ನನ್ನ ಮೇಲೆ ಕೋಪ ಇದೆಯಾ, ಇಲ್ವಾ? ಆ ಸಂಜೆ ಟ್ರೇನರ್ ಮೇಡಂ ಸಿಕ್ಕಿದ್ದರೆ ಅವರನ್ನು ಎರಡು ಗಂಟೆ ಬಿಡುತ್ತಿರಲಿಲ್ಲ. ಬೆಂಗಳೂರಿನಲ್ಲಿ ಇದೇ ವಿಷಯವನ್ನು ಅವರು ಹೇಳಿದ್ದರು, ಜರ್ಮನ್ನರು ನೇರ ಮಾತಿನವರು ಅಂತ ಒಂದು ಸಾಲಿನ ಸ್ಲೈಡ್ ಇತ್ತು, ನಾವೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೆವು. ಬರೆದುಕೊಂಡರೆ ಅದು ಎಲ್ಲಿ ತಾಗುತ್ತದೆ? ಬೈಯದೆ ಇದ್ದರೆ ಅದೇ ಹೊಗಳಿಕೆ ಅನ್ನುವ ಮಾತು ಈ ಶ್ವಾಬಿಯನ್ ಸೀಮೆಯಲ್ಲಿ ಗಾದೆಯಾಗಿಯೇ ಇದೆಯಂತೆ. ಅದನ್ನು ಹೇಳಿಕೊಟ್ಟಿದ್ದು ಆ ರೊಮೇನಿಯಾದ ಹುಡುಗಿ, ಅವಳೂ ಒಂದು ಕಾಲದಲ್ಲಿ ಹೀಗೇ ಮುಖ ಕೆಂಪು ಮಾಡಿಕೊಂಡು ಕೂತವಳು.

ಟ್ರೇನಿಂಗಿನಲ್ಲಿ ಹೇಳಿದ್ದು ಉಪಯೋಗಕ್ಕೆ ಬರಲೇ ಇಲ್ಲ ಅಂತಲ್ಲ. ಹುಟ್ಟುಹಬ್ಬದ ದಿನ ಕೇಕ್ ತರಬೇಕಾದವರು ಹುಟ್ಟುಹಬ್ಬದವರೇ, ಯಾರಿಗೂ ಮುಂಚೆಯೇ ಶುಭಾಶಯ ಹೇಳಬಾರದು, ಅಪಶಕುನ ಅಂದುಕೊಳ್ಳುತ್ತಾರೆ. ಇದು ಸರಿಯಾಗಿ ಸಮಯಕ್ಕೆ ನೆನಪಾಯಿತು. ಜ್ವರ ಬಂದರೂ ಆಫೀಸಿಗೆ ಬರುವುದು ಇಲ್ಲಿ ಶ್ರದ್ಧೆ ಅನಿಸಿಕೊಳ್ಳಲ್ಲ, ಮನೆಗೆ ಹೋಗಿ ಅನ್ನುತ್ತಾರೆ. ದಿನಕ್ಕೆ 8 ಗಂಟೆ ಕೆಲಸ, ಹೆಚ್ಚೆಂದರೆ 10, ಅದಕ್ಕಿಂತ ಮೇಲೆ ಕಾನೂನೇ ಬಿಡಲ್ಲ. ರಜೆ ಕಾನೂನಿನಲ್ಲಿ ವಾರಕ್ಕೆ ಐದು ದಿನ ಕೆಲಸ ಮಾಡುವವರಿಗೆ 20 ದಿನ, ಆದರೆ ಬಹಳ ಕಂಪನಿಗಳು 30 ಕೊಡುತ್ತವೆ. ಆಗಸ್ಟ್ ಬಂದರೆ ಮ್ಯಾನೇಜರ್ ಮೂರು ವಾರ ಮಾಯ, ಫೋನಿಗೂ ಸಿಗಲ್ಲ, ಪ್ರಾಜೆಕ್ಟ್ ಮುಳುಗಿಯೂ ಹೋಗಲ್ಲ. ಇದನ್ನೆಲ್ಲ ಯಾವ ಟ್ರೇನಿಂಗೂ ಇಲ್ಲದೆ ಒಂದು ವರ್ಷದಲ್ಲಿ ಯಾರಾದರೂ ಕಲಿಯುತ್ತಾರೆ. ಆಫೀಸು ಅಂದರೆ ಅಲ್ಲಿ ನಿಮಗೊಂದು ಕುರ್ಚಿ ಇರುತ್ತದೆ, ಮಾಡಲು ಕೆಲಸ ಇರುತ್ತದೆ, ಕೇಳಲು ಜನ ಇರುತ್ತಾರೆ.

ಮನೆಯಲ್ಲಿರುವವರಿಗೆ ಅದ್ಯಾವುದೂ ಇರಲ್ಲ. ತಪ್ಪು ಮನುಷ್ಯರಿಗೆ ಅಂದದ್ದು ಇದಕ್ಕೆ. ನಮ್ಮನೆಯವರನ್ನು ಟ್ರೇನಿಂಗಿಗೆ ಕರೆಯಲೇ ಇಲ್ಲ. ಅವರಿಗೆ ಅಂತ ಕೊಟ್ಟದ್ದು ಒಂದು ಕೈಪಿಡಿ, ಅದರಲ್ಲೊಂದು ಅಧ್ಯಾಯ, ಅದರ ತಲೆಬರಹ 'ನಿಮ್ಮ ಪತ್ನಿಗಾಗಿ'. ಮಹಿಳೆಯರ ಕಾಫಿ ಕೂಟ, ಅಡುಗೆ ಕ್ಲಾಸು, ಶಾಪಿಂಗ್ ಬೀದಿ. ನಮ್ಮನೆಯವರು ಅದನ್ನು ಜೋರಾಗಿ ಓದಿ ಹೇಳುತ್ತಾ ನಕ್ಕರು. ಆಮೇಲೆ ನಗಲಿಲ್ಲ. ಸಂಗಾತಿ ಒಗ್ಗಿಕೊಳ್ಳದೆ ಹೋಗುವುದೇ ಹೊರದೇಶದ ಕೆಲಸ ಕೆಡಲು ಮೊದಲ ಕಾರಣ ಅಂತ ಅಮೆರಿಕದ ಕಂಪನಿಗಳು ಹೇಳುತ್ತವೆ ಎಂದು ರೊಸಾಲಿ ಟಂಗ್ ಅನ್ನುವ ಸಂಶೋಧಕಿ 1980ರ ದಶಕದ ಆರಂಭದಲ್ಲೇ ಬರೆದಾಗಿದೆ. ನಲವತ್ತು ವರ್ಷದ ಮೇಲಾಯಿತು. ಆದರೂ ಪ್ಯಾಕೇಜಿನಲ್ಲಿ ಸಂಗಾತಿಯ ಪಾಲು ಒಂದು ಅಧ್ಯಾಯ.

ಇದರಲ್ಲೊಂದು ವಿಚಿತ್ರ ಇದೆ. ನಾನು ಬಂದದ್ದು ಬ್ಲೂ ಕಾರ್ಡಿನಲ್ಲಿ, ಹೆಚ್ಚು ಓದಿದ ಹೊರದೇಶದ ಕೆಲಸಗಾರರಿಗೆ ಕೊಡುವ ಪರವಾನಗಿ ಅದು. ಬ್ಲೂ ಕಾರ್ಡಿನವರ ಗಂಡನಿಗೋ ಹೆಂಡತಿಗೋ ವೀಸಾಕ್ಕೆ ಜರ್ಮನ್ ಭಾಷೆಯ ಎ1 ಅನ್ನುವ ಮೊದಲ ಹಂತದ ಪರೀಕ್ಷೆ ಬೇಕಿಲ್ಲ. ಬಂದ ಮೇಲೆ ಯಾವ ಕೆಲಸ ಬೇಕಾದರೂ ಮಾಡಬಹುದು. ಒಳ್ಳೆಯದೇ. ಆದರೆ ಪರೀಕ್ಷೆ ಬೇಡ ಅಂದ ತಕ್ಷಣ ಕಂಪನಿಯೂ ಭಾಷೆಯ ಕ್ಲಾಸಿನ ಖರ್ಚು ಕೈಬಿಟ್ಟಿತು. ಹನ್ನೆರಡು ವರ್ಷ ಬ್ಯಾಂಕಿನಲ್ಲಿ ಕೆಲಸ ಮಾಡಿದ ಮನುಷ್ಯ, ಇಲ್ಲಿ ಬ್ಯಾಂಕಿನ ಕೌಂಟರ್ ಮುಂದೆ ನಿಂತು ಹೆಂಡತಿ ಬರಲಿ ಅಂತ ಕಾಯುವ ಹಾಗಾಯಿತು. ಕೆಲಸ ಮಾಡುವ ಹಕ್ಕು ಕಾರ್ಡಿನಲ್ಲಿ ಅಚ್ಚಾಗಿದೆ, ಕೆಲಸ ಕೊಡುವವರು ಮೊದಲು ಕೇಳುವುದು ಜರ್ಮನ್ ಎಷ್ಟು ಬರುತ್ತದೆ ಅಂತ. ನನಗೂ ಭಾಷೆ ಬೇಕು. ಬಿ1 ಅನ್ನುವ ನಡು ಹಂತ ಪಾಸಾದರೆ 21 ತಿಂಗಳಿಗೆ ಪಿಆರ್ (ಕಾಯಂ ವಾಸದ ಅನುಮತಿ) ಕೇಳಬಹುದು, ಎ1 ಮಾತ್ರ ಇದ್ದರೆ 27.

ನಮ್ಮನೆಯವರನ್ನು ಎತ್ತಿ ನಿಲ್ಲಿಸಿದ್ದು ಎರಡು ಸಂಗತಿ, ಎರಡೂ ಪ್ಯಾಕೇಜಿನಲ್ಲಿ ಇರಲಿಲ್ಲ. ಒಂದು, ಫೋಕ್ಸ್‌ಹೋಖ್‌ಷೂಲೆ. ದೊಡ್ಡವರಿಗಾಗಿ ಪ್ರತಿ ಊರಿನಲ್ಲೂ ನಡೆಯುವ ಕಲಿಕಾ ಕೇಂದ್ರ, ಖಾಸಗಿ ಕ್ಲಾಸುಗಳಿಗಿಂತ ಫೀಸು ಕಡಿಮೆ. ಇದಕ್ಕೆ ಐದಕ್ಕೆ ಐದು, ಕಣ್ಣು ಮುಚ್ಚಿಕೊಂಡು. ಕ್ಲಾಸಿನಲ್ಲಿ ಸಿರಿಯಾದವರು, ಉಕ್ರೇನಿನವರು, ಬ್ರೆಜಿಲ್‌ನವರು. ಯಾರಿಗೂ ಇನ್ನೊಬ್ಬರ ಭಾಷೆ ಬರಲ್ಲ, ಹಾಗಾಗಿ ವಿರಾಮದಲ್ಲೂ ಮುರುಕು ಜರ್ಮನ್‌ನಲ್ಲೇ ಮಾತಾಡಬೇಕು. ಇಂಗ್ಲಿಷಿನಲ್ಲಿ ಎಲ್ಲ ನಡೆಯುವ ನನ್ನ ಆಫೀಸಿನಲ್ಲಿ ಈ ಅನುಕೂಲ ಇಲ್ಲ. ಇನ್ನೊಂದು, ಕೇರ್‌ವೊಖೆ. ಕೆಳಗಿನ ಮನೆಯಲ್ಲಿ ಎಂಬತ್ತರ ಹತ್ತಿರದ ಒಬ್ಬ ಅಜ್ಜಿ ಇದ್ದಾರೆ. ನಮ್ಮ ಸರದಿಯ ಮೊದಲ ಶನಿವಾರ ನಮ್ಮನೆಯವರು ಮೆಟ್ಟಿಲು ಒರೆಸುತ್ತಿದ್ದಾಗ ಅವರು ಬಾಗಿಲು ತೆಗೆದು ಸ್ವಲ್ಪ ಹೊತ್ತು ನೋಡಿದರಂತೆ. ಆಮೇಲೆ ಒಳಗೆ ಹೋಗಿ ತಮ್ಮದೇ ಬ್ರಷ್ ತಂದು, ಮೊಣಕಾಲೂರಿ, ಮೆಟ್ಟಿಲಿನ ಮೂಲೆ ಇರುವ ಕಡೆ ಧೂಳು ಹೇಗೆ ಎಳೆದು ತೆಗೆಯಬೇಕು, ಕಂಬಿಯ ಸಂದು ಹೇಗೆ ಒರೆಸಬೇಕು ಅಂತ ಒಂದೊಂದೇ ಮೆಟ್ಟಿಲು ಇಳಿಯುತ್ತಾ ತೋರಿಸಿದರು. ಒಂದೇ ಒಂದು ಇಂಗ್ಲಿಷ್ ಪದ ಇಲ್ಲ. ಮುಂದಿನ ಸರದಿಗೆ ಕಾಫಿ, ಕೇಕು. ಅಲ್ಲಿಂದ ಮುಂದೆ ಒಂದು ದಿನ ಸ್ಪೆಟ್ಸ್‌ಲೆ ಅನ್ನುವ ಇಲ್ಲಿಯ ನೂಡಲ್ಸ್ ಜೊತೆ ಬೇಳೆಯ ಗಟ್ಟಿ ಸಾರು ಕೊಟ್ಟು ಕಳಿಸಿದರು, ಈ ಕಡೆಯವರ ಮನೆ ಅಡುಗೆ ಅದು, ಸಾಮಾನ್ಯವಾಗಿ ಸಾಸೇಜ್ ಇಟ್ಟು ಕೊಡುತ್ತಾರೆ, ನಾವು ತಿನ್ನಲ್ಲ ಅಂತ ತೆಗೆದೇ ಕೊಟ್ಟಿದ್ದರು. ನಮ್ಮ ಕಡೆಯಿಂದ ಖಾರ ಕಡಿಮೆ ಮಾಡಿದ ಬಿಸಿಬೇಳೆ ಬಾತ್ ಹೋಯಿತು. ಅವರ ಡಬ್ಬಿ ಖಾಲಿ ವಾಪಸ್ ಬರಲಿಲ್ಲ, ನಮ್ಮದೂ ಹೋಗಲಿಲ್ಲ, ಇದು ಮಾತ್ರ ಎರಡೂ ಊರಿನಲ್ಲಿ ಒಂದೇ. ನಮ್ಮನೆಯವರ ಜರ್ಮನ್ ಈಗ ಅಜ್ಜಿಯ ಶ್ವಾಬಿಯನ್ ಧಾಟಿಯಲ್ಲಿದೆ, ನನ್ನ ಸಹೋದ್ಯೋಗಿಗಳು ಕೇಳಿ ನಗುತ್ತಾರೆ.

ಹೊಂದಾಣಿಕೆಯನ್ನು ಸಂಶೋಧಕರು ಮೂರು ತುಂಡು ಮಾಡಿ ನೋಡುತ್ತಾರೆ: ಕೆಲಸಕ್ಕೆ ಒಗ್ಗುವುದು, ದಿನನಿತ್ಯದ ಬದುಕಿಗೆ ಒಗ್ಗುವುದು, ಅಲ್ಲಿಯ ಜನರ ಜೊತೆ ಒಡನಾಟಕ್ಕೆ ಒಗ್ಗುವುದು. ನಮ್ಮ ಪ್ಯಾಕೇಜ್ ಎರಡನೆಯದನ್ನು ಚೆನ್ನಾಗಿ ಮಾಡಿತು, ಮೊದಲನೆಯದಕ್ಕೆ ಸ್ಲೈಡ್ ತೋರಿಸಿತು, ಮೂರನೆಯದನ್ನು ಮುಟ್ಟಲೇ ಇಲ್ಲ.

ಇದೇ ದೇಶದಲ್ಲಿ ಒಗ್ಗಿಸುವ ಕೆಲಸವನ್ನು ಬಹಳ ಚೆನ್ನಾಗಿ ಮಾಡುವ ಜಾಗ ಒಂದಿದೆ, ಅದು ಶಿಶುವಿಹಾರ. ಕಿಟಾ ಅನ್ನುತ್ತಾರೆ. ಹೊಸ ಮಗುವನ್ನು ಮೊದಲ ದಿನ ಬಿಟ್ಟು ಬರುವ ಹಾಗಿಲ್ಲ. ಅನೇಕ ಕಿಟಾಗಳು ಬರ್ಲಿನ್ ಮಾದರಿ ಅನ್ನುವ ಕ್ರಮ ಪಾಲಿಸುತ್ತವೆ. ಮೊದಲ ಮೂರು ದಿನ ಅಪ್ಪನೋ ಅಮ್ಮನೋ ಮಗುವಿನ ಜೊತೆ ಅದೇ ಕೋಣೆಯಲ್ಲಿ ಸುಮ್ನೆ ಕೂರಬೇಕು, ಆಟಕ್ಕೆ ಒತ್ತಾಯ ಮಾಡಬಾರದು, ಒಬ್ಬರೇ ಟೀಚರ್ ಆ ಮಗುವಿನ ಜೊತೆ ಇರುತ್ತಾರೆ. ನಾಲ್ಕನೇ ದಿನ ಮಗುವಿಗೆ ಹೇಳಿ, ಸ್ವಲ್ಪ ಹೊತ್ತು ಹೊರಗೆ ಹೋಗಿ ನೋಡುತ್ತಾರೆ. ಅತ್ತು ಸಮಾಧಾನ ಆಗದಿದ್ದರೆ ಅವಸರವಿಲ್ಲ, ಇನ್ನಷ್ಟು ದಿನ. ನಮ್ಮ ಮಗಳ ಜೊತೆ ಆ ಪುಟ್ಟ ಕುರ್ಚಿಯಲ್ಲಿ ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು ಕೂತವರು ನಮ್ಮನೆಯವರು. ವಾರಗಳು ಹಿಡಿದವು. ಟೀಚರ್ ಪ್ರತಿದಿನ, ಇವತ್ತು ಇಷ್ಟು ಸಾಕು ಅನ್ನುತ್ತಿದ್ದರಂತೆ. ಮೂರು ವರ್ಷದ ಮಗುವನ್ನು ಒಗ್ಗಿಸಲು ಇವರಿಗೆ ಇಷ್ಟು ತಾಳ್ಮೆ ಇದೆ. ಊರು, ಕೆಲಸ, ಭಾಷೆ ಎಲ್ಲ ಬಿಟ್ಟು ಬಂದ ದೊಡ್ಡವರಿಗೆ ಹೊರಡುವ ಮುಂಚೆ ಒಂದೂವರೆ ದಿನದ ಸ್ಲೈಡು!

ಒಂದು ಪಕ್ಕದ ಮಾತು. ನಾವಿರುವ ಈ ಎಸ್ಲಿಂಗೆನ್ ಊರಿನಲ್ಲೇ 1881ರಲ್ಲಿ ಹರ್ಮನ್ ಮೋಗ್ಲಿಂಗ್ ತೀರಿಕೊಂಡದ್ದು. 1843ರಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿ ಕನ್ನಡಕ್ಕೆ ಮೊದಲ ಪತ್ರಿಕೆ ಕೊಟ್ಟವರು. 1894ರಲ್ಲಿ ಕನ್ನಡ ನಿಘಂಟು ಕೊಟ್ಟ ಕಿಟೆಲ್ ಕೊನೆಗಾಲದಲ್ಲಿ ಇದ್ದದ್ದು ಇಲ್ಲಿಂದ ಹೆಚ್ಚು ದೂರವಿಲ್ಲದ ಟ್ಯೂಬಿಂಗೆನ್‌ನಲ್ಲಿ. ಈ ಕಡೆಯವರು ಆ ಕಡೆ ಬಂದು ಒಗ್ಗಿಕೊಂಡ ಕಥೆ ಅದು. ಅವರ ಉದ್ದೇಶ ಮತಪ್ರಚಾರ, ಅದು ಬೇರೆ ಚರ್ಚೆ. ಆದರೆ ಕೆಲಸದ ಕ್ರಮ ನೋಡಿ, ಮೊದಲು ಭಾಷೆ, ಆಮೇಲೆ ಉಳಿದದ್ದು. ಕಿಟೆಲ್ ನಮ್ಮ ಕಡೆ ಬಂದದ್ದು 1853ರಲ್ಲಿ, ನಿಘಂಟು ಅಚ್ಚಾದದ್ದು ನಲವತ್ತೊಂದು ವರ್ಷದ ಮೇಲೆ. ಯಾವ ಎಚ್‌ಆರ್ ಇದಕ್ಕೆ ಬಜೆಟ್ ಕೊಡುತ್ತದೆ ಹೇಳಿ.

ಬರುವವರಿಗೆ ನನ್ನ ಸಲಹೆ ಇಷ್ಟು. ಪ್ಯಾಕೇಜ್ ಬದಲು ದುಡ್ಡು ಕೊಡುತ್ತೇವೆ ಅಂದರೆ ಮರುಳಾಗಬೇಡಿ, ಕಾಗದಪತ್ರ ಮತ್ತೆ ಮನೆ ಎರಡನ್ನೂ ಏಜೆನ್ಸಿಗೇ ಬಿಡಿ. ಮನೆ ನಿಯಮಗಳ ಕಾಗದವನ್ನು ಪೂರ್ತಿ ಓದಿ ಹೇಳಿ ಅಂತ ಪಟ್ಟು ಹಿಡಿಯಿರಿ, ಅಡ್ವಾನ್ಸ್ ಮೂರು ಕಂತಿನಲ್ಲಿ ಅಂತ ಮೊದಲೇ ಹೇಳಿ. ಟ್ರೇನಿಂಗನ್ನು ಮಾತ್ರ ಹೊರಡುವ ಮುಂಚೆ ಬೇಡ, ಬಂದು ಮೂರು ನಾಲ್ಕು ತಿಂಗಳಾದ ಮೇಲೆ ಎರಡೆರಡು ಗಂಟೆಯಂತೆ ಬಿಡಿಬಿಡಿಯಾಗಿ ಕೊಡಿ, ಗಂಡ ಹೆಂಡತಿ ಇಬ್ಬರಿಗೂ ಕೊಡಿ ಅಂತ ಕೇಳಿ. ಒಪ್ಪದಿದ್ದರೆ ಆ ದುಡ್ಡನ್ನು ಸಂಗಾತಿಯ ಭಾಷೆ ಕ್ಲಾಸಿಗೆ ಕೇಳಿ. ನಾನು ಬಂದ ಮೇಲೆ ಕೇಳಿದೆ, ಅದು ಬೇರೆ ಹೆಡ್, ಇದು ಬೇರೆ ಹೆಡ್ ಅನ್ನುವ ಉತ್ತರ ಬಂತು. ಆಫರ್ ಲೆಟರಿಗೆ ಸಹಿ ಹಾಕುವ ಮುಂಚೆ ಕೇಳಿದ ನನ್ನ ಟೀಮಿನ ಇನ್ನೊಬ್ಬರಿಗೆ ಅದೇ ಎಚ್‌ಆರ್ ಸಲೀಸಾಗಿ ಕೊಟ್ಟಿದೆ.

ಚಿಕ್ಕ ಮಕ್ಕಳಿದ್ದರೆ ಕಿಟಾ ಬಗ್ಗೆ ಏಜೆನ್ಸಿಯನ್ನು ಮೊದಲ ಫೋನಿನಲ್ಲೇ ಕೇಳಿ. ಒಂದು ವರ್ಷ ತುಂಬಿದ ಮಗುವಿಗೆ ಜಾಗ ಸಿಗಬೇಕು ಅನ್ನುವ ಹಕ್ಕು 2013ರಿಂದ ಕಾನೂನಿನಲ್ಲಿದೆ, ಜಾಗ ಮಾತ್ರ ಇಲ್ಲ. ನಮಗೆ ಸಿಗಲು ತಿಂಗಳುಗಟ್ಟಲೆ ಹಿಡಿಯಿತು, ಪ್ಯಾಕೇಜಿನಲ್ಲಿ ಅದಕ್ಕೆ ಸಂಬಂಧಿಸಿದ್ದು ಒಂದು ವೆಬ್‌ಸೈಟ್ ವಿಳಾಸ ಮಾತ್ರ ಇತ್ತು.